64ರ ಲೆಕ್ಕ: ಹಾಸನದ ಟ್ರಂಕ್ ಲೈನಿನಿಂದ ನಿಮ್ಮ ಡೈಲಿ ಡೇಟಾದವರೆಗೆ

ಭಾಗ 1/10 | ಡೇಟಾ ಮುಗಿದ ಮೇಲೆ ಉಳಿಯೋ ನಂಬರ್

ದಿನದ ಡೇಟಾ ಮುಗೀತು ಅನ್ನೋ ಮೆಸೇಜ್ ಬಂದ್ಮೇಲೆ ರೀಲ್ಸ್ ಮಧ್ಯದಲ್ಲಿ ಒಂದು ಉಂಗುರ ಗಿರಗಿರ ಸುತ್ತೋಕೆ ಶುರುವಾಗುತ್ತಲ್ಲ, ಆಗ ನಿಮ್ಮ ನೆಟ್ ಪೂರ್ತಿ ನಿಂತಿರಲ್ಲ. ಪ್ಲಾನಿನ ವಿವರದ ಕೊನೇಲಿ ಸಣ್ಣ ಅಕ್ಷರದಲ್ಲಿ ಏನಿದೆ ಅಂತ ಒಂದ್ಸಲ ಓದಿ. ಎಷ್ಟೋ ಪ್ಲಾನ್‌ಗಳಲ್ಲಿ ಒಂದೇ ಮಾತು: ಮಿತಿ ಮುಗಿದ ಮೇಲೆ ವೇಗ 64 ಕೆಬಿಪಿಎಸ್.

ಯಾಕೆ 64? 50 ಇರಬಹುದಿತ್ತು, 100 ಅಂತ ರೌಂಡ್ ಫಿಗರ್ ಕೊಡಬಹುದಿತ್ತು. ಅಂಗಡಿಯಲ್ಲಿ ಯಾರೂ 64 ರೂಪಾಯಿಗೆ ಕಡ್ಲೆಕಾಯಿ ಕೇಳಲ್ಲ.

ಮೊದಲು ಈ 64ರಲ್ಲಿ ಏನಾಗುತ್ತೆ ನೋಡೋಣ. 64 ಕೆಬಿಪಿಎಸ್ ಅಂದ್ರೆ ಸೆಕೆಂಡಿಗೆ 64,000 ಬಿಟ್. 8 ಬಿಟ್ ಸೇರಿದ್ರೆ ಒಂದು ಬೈಟ್. ಅಲ್ಲಿಗೆ ಸೆಕೆಂಡಿಗೆ 8,000 ಬೈಟ್. ಗೆಳತಿ ಕಳಿಸಿದ 1.5 ಎಂಬಿ ಫೋಟೋ ಇಳಿಯೋಕೆ 187 ಸೆಕೆಂಡ್, ಅಂದ್ರೆ ಮೂರು ನಿಮಿಷದ ಮೇಲೆ. ಯುಪಿಐ ಹೇಗೋ ಹೋಗುತ್ತೆ, ಫೋಟೋ ಕಾಯಿಸುತ್ತೆ.

ಈಗ ಮಜಾ ಕೇಳಿ. ನಮ್ಮಪ್ಪ ಅಮ್ಮನ ಕಾಲದಲ್ಲಿ ಇದೇ 64 ಕೆಬಿಪಿಎಸ್ ಅಂದ್ರೆ ಒಂದು ಪೂರ್ತಿ ಫೋನ್ ಕಾಲ್‌ಗೆ ಇಟ್ಟ ಜಾಗ. ಹಾಸನದಿಂದ ಬೆಂಗಳೂರಿಗೆ ಒಬ್ಬರ ದನಿ ಹೋಗೋಕೆ ಅಷ್ಟು ಬೇಕು ಅಂತ ಲೆಕ್ಕ ಹಾಕಿದ್ರು. ಇವತ್ತು ನಮ್ಮ ಪ್ಲಾನಿನಲ್ಲಿ ಬರೋ ಎಷ್ಟೋ ಅಂಕಿಗಳು ಆ ಲೆಕ್ಕದ ಮರಿಗಳು.

ನಾನು ಓದ್ತಿರೋದು ಬಿಕಾಂ, ಇಂಜಿನಿಯರಿಂಗ್ ಅಲ್ಲ. ಆದ್ರೆ ಎರಡು ಕಾಲಂ ತಾಳೆ ಆಗಲಿಲ್ಲ ಅಂದ್ರೆ ನಿದ್ದೆ ಬರಲ್ಲ. ಈ ಸೀರೀಸ್‌ನಲ್ಲಿ ಹಳೇ ಟೆಲಿಫೋನ್ ಅಳತೆಗಳನ್ನ ಇವತ್ತಿನ ಕೆಬಿಪಿಎಸ್, ಎಂಬಿಪಿಎಸ್‌ಗೆ ತಿರುಗಿಸ್ತಾ ಹೋಗೋಣ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ಊರು ಲೆಕ್ಕದಲ್ಲಿ ಬರ್ತವೆ.

ಭಾಗ 2/10 | ನಾಲ್ಕಾಣೆ ಮತ್ತು ಬಾಡ್

ಅಳತೆ ಬದಲಾದಾಗ ಹಳೇ ಅಳತೆ ಪೂರ್ತಿ ಸಾಯಲ್ಲ. ಮನೇಲಿ ಅಜ್ಜಿನ ಕೇಳಿ, 25 ಪೈಸೆಗೆ ‘ನಾಲ್ಕಾಣೆ’, 50 ಪೈಸೆಗೆ ‘ಎಂಟಾಣೆ’ ಅಂತಾರೆ. ಹಳೇ ಲೆಕ್ಕದಲ್ಲಿ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ. ಅಂದ್ರೆ ರೂಪಾಯಿಗೆ 64 ಪೈಸೆ! 1957ರ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬಂದು ರೂಪಾಯಿಗೆ 100 ಹೊಸ ಪೈಸೆ ಆಯ್ತು. ಒಂದಾಣೆ ಅಂದ್ರೆ 6.25 ಹೊಸ ಪೈಸೆ. ಆ ಕಾಲು ಪೈಸೆಗೆ ನಾಣ್ಯ ಇರಲಿಲ್ಲ. ಮೇಲಕ್ಕೋ ಕೆಳಕ್ಕೋ ರೌಂಡ್ ಮಾಡಲೇಬೇಕು. ಹಾಗೆ ಮಾಡೋವಾಗ ಪರಿವರ್ತನೆ ಗೊತ್ತಿಲ್ಲದವನ ಜೇಬಿಂದ ಒಂದಿಷ್ಟು ಜಾರೋ ಅವಕಾಶ ಯಾವತ್ತೂ ಇರುತ್ತೆ.

ತಂತಿ ಲೋಕದಲ್ಲೂ ಇದೇ ಕಥೆ. ಟೆಲಿಗ್ರಾಫ್ ಕಾಲದಲ್ಲಿ ವೇಗ ಅಳೀತಿದ್ದಿದ್ದು ನಿಮಿಷಕ್ಕೆ ಎಷ್ಟು ಪದ ಅಂತ. ಆಮೇಲೆ ಬಂದಿದ್ದು ‘ಬಾಡ್’. ಫ್ರಾನ್ಸಿನ ಎಮಿಲ್ ಬೋದೋ ಅನ್ನೋ ತಂತಿ ಇಲಾಖೆಯ ಇಂಜಿನಿಯರ್ ಹೆಸರಿಂದ ಬಂದ ಯೂನಿಟ್. ಸೆಕೆಂಡಿಗೆ ತಂತಿ ಮೇಲೆ ಎಷ್ಟು ಸಲ ಸಂಕೇತ ಬದಲಾಗುತ್ತೆ ಅನ್ನೋದೇ ಬಾಡ್. ಟೆಲೆಕ್ಸ್ ಯಂತ್ರದ್ದು 50 ಬಾಡ್. ಒಂದು ಅಕ್ಷರಕ್ಕೆ ಶುರು, ಕೊನೆ ಎಲ್ಲಾ ಸೇರಿ 7.5 ಸಂಕೇತ. 50ನ್ನ 7.5ರಿಂದ ಭಾಗಿಸಿದ್ರೆ ಸೆಕೆಂಡಿಗೆ 6.67 ಅಕ್ಷರ, ನಿಮಿಷಕ್ಕೆ 400.

ಬಾಡ್ ಮತ್ತು ಬಿಟ್ ಒಂದೇನಾ? ಬಸ್ ಸ್ಟ್ಯಾಂಡಿಗೆ ಬನ್ನಿ. ಹಾಸನದಿಂದ ಹೊಳೆನರಸೀಪುರಕ್ಕೆ ಗಂಟೆಗೆ ಎಷ್ಟು ಬಸ್ ಬಿಡ್ತಾರೆ ಅನ್ನೋದು ಬಾಡ್. ಗಂಟೆಗೆ ಎಷ್ಟು ಜನ ತಲುಪಿದ್ರು ಅನ್ನೋದು ಬಿಟ್. ಬಸ್ಸಿಗೆ ಒಬ್ಬರೇ ಕೂತ್ರೆ ಎರಡೂ ಒಂದೇ. ನಾಲ್ಕು ಜನ ಕೂತ್ರೆ ಜನದ ಲೆಕ್ಕ ನಾಲ್ಕು ಪಟ್ಟು. 1995ರ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಾಗ ಡಯಲ್ ಅಪ್ ವೇಗ 9.6 ಕೆಬಿಪಿಎಸ್. ಆ ವೇಗದ ಮೋಡೆಮ್ ಸ್ಟ್ಯಾಂಡರ್ಡ್‌ನಲ್ಲಿ 2,400 ಬಾಡ್, ಪ್ರತಿ ಸಂಕೇತದಲ್ಲಿ 4 ಬಿಟ್. 2,400 × 4 = 9,600. ತಾಳೆ.

ಭಾಗ 3/10 | ದನಿಯನ್ನ ಅಂಕಿ ಮಾಡಿದ್ದು

64 ಹುಟ್ಟಿದ್ದು ಮನುಷ್ಯನ ಗಂಟಲಿಂದ ಅಂದ್ರೆ ನಂಬ್ತೀರಾ?

ಹಳೇ ಫೋನಲ್ಲಿ ನಮ್ಮ ದನಿ ವಿದ್ಯುತ್ ಅಲೆಯಾಗಿ ತಂತಿ ಮೇಲೆ ಹೋಗ್ತಿತ್ತು. ದೂರ ಹೋದಷ್ಟೂ ಸೊರಗುತ್ತೆ, ಮಧ್ಯದಲ್ಲಿ ದೊಡ್ಡದು ಮಾಡಿದ್ರೆ ಗೊರಗೊರ ಸದ್ದೂ ದೊಡ್ಡದಾಗುತ್ತೆ. 1930ರ ದಶಕದ ಕೊನೇಲಿ ಅಲೆಕ್ ರೀವ್ಸ್ ಅನ್ನೋ ಬ್ರಿಟಿಷ್ ಇಂಜಿನಿಯರ್ ಬೇರೆ ದಾರಿ ಹಿಡಿದ್ರು. ಅಲೆಯನ್ನೇ ಕಳಿಸೋ ಬದಲು ಅಲೆಯ ಎತ್ತರವನ್ನ ಆಗಾಗ ಅಳೆದು, ಆ ಅಂಕಿಯನ್ನ ಸೊನ್ನೆ ಒಂದರಲ್ಲಿ ಬರೆದು ಕಳಿಸೋದು. ಆ ಕಡೆ ಅಂಕಿ ಓದಿ ಮತ್ತೆ ಅಲೆ ಕಟ್ಟೋದು. ಸೊನ್ನೆ ಒಂದನ್ನ ಎಷ್ಟು ದೂರದಲ್ಲಾದ್ರೂ ಹೊಸದಾಗಿ ಬರೆದು ಮುಂದಕ್ಕೆ ಕಳಿಸಬಹುದು, ಗೊರಗೊರ ಸೇರಲ್ಲ. ಇದಕ್ಕೆ ಪಲ್ಸ್ ಕೋಡ್ ಮಾಡ್ಯುಲೇಷನ್, ಚಿಕ್ಕದಾಗಿ ಪಿಸಿಎಂ ಅಂತಾರೆ.

ಎಷ್ಟು ಸಲ ಅಳೀಬೇಕು? ಮಾತು ಅರ್ಥ ಆಗೋಕೆ ಸೆಕೆಂಡಿಗೆ 3,400 ಕಂಪನದವರೆಗೆ ಸಾಕು. ಸ್ವಲ್ಪ ಜಾಗ ಬಿಟ್ಟು 4,000 ಅಂತ ಇಟ್ಕೊಂಡ್ರು. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ತೋರಿಸಿದ ತತ್ವದ ಮೇಲೆ ನಿಂತ ನಿಯಮ ಏನಂದ್ರೆ, ಅಲೆಯನ್ನ ಮತ್ತೆ ಕಟ್ಟಬೇಕಾದ್ರೆ ಅದರ ಎರಡು ಪಟ್ಟು ಸಲ ಅಳೀಬೇಕು. 4,000 × 2 = 8,000.

ಪ್ರತಿ ಅಳತೆಯನ್ನ ಎಷ್ಟು ಬಿಟ್‌ನಲ್ಲಿ ಬರೀಬೇಕು? 8 ಬಿಟ್ ಕೊಟ್ರೆ 256 ಮೆಟ್ಟಿಲು ಸಿಗ್ತವೆ. ಪಿಸುಮಾತಿಗೆ ಸಣ್ಣ ಸಣ್ಣ ಮೆಟ್ಟಿಲು, ಕೂಗಿಗೆ ದೊಡ್ಡ ಮೆಟ್ಟಿಲು ಅಂತ ಹಂಚಿದ್ರು.

8,000 × 8 = 64,000. ಇದೇ ನಮ್ಮ 64 ಕೆಬಿಪಿಎಸ್. ಅಮೆರಿಕದ ಪುಸ್ತಕಗಳಲ್ಲಿ ಇದಕ್ಕೆ ‘ಡಿಎಸ್ ಸೊನ್ನೆ’ ಅಂತ ಹೆಸರು. ಡಿಜಿಟಲ್ ಸಿಗ್ನಲ್‌ಗಳ ಏಣಿಯಲ್ಲಿ ಸೊನ್ನೆಯ ಮೆಟ್ಟಿಲು. ಇಲ್ಲಿಂದ ಮೇಲೆ ಹತ್ತೋದು ಬರೀ ಗುಣಾಕಾರ.

ಭಾಗ 4/10 | 32 ಸೀಟಿನ ಬಸ್

ಒಂದು ತಂತಿಗೆ ಒಂದೇ ಕಾಲ್ ಅಂದ್ರೆ ನಷ್ಟದ ವ್ಯಾಪಾರ. ಒಂದೇ ತಂತಿಯಲ್ಲಿ ಹತ್ತಾರು ಜನರ ಅಂಕಿಗಳನ್ನ ಸಾಲಾಗಿ ಕಳಿಸೋಣ ಅಂತ ಅಮೆರಿಕದ ಬೆಲ್ ಕಂಪನಿ 1962ರಲ್ಲಿ ‘ಟಿ-ಒನ್’ ಶುರು ಮಾಡ್ತು. ಅದರಲ್ಲಿ 24 ಕಾಲ್. 24 × 8 = 192 ಬಿಟ್, ಜೊತೆಗೆ ಗುರುತಿಗೆ 1 ಬಿಟ್. 193 × 8,000 = 15,44,000. ಅದೇ 1.544 ಎಂಬಿಪಿಎಸ್.

ಯುರೋಪಿನವರು 32 ಜಾಗದ ಲೆಕ್ಕ ಹಿಡಿದ್ರು. ಅದೇ ‘ಇ-ಒನ್’. ಭಾರತ ಒಪ್ಪಿಕೊಂಡಿದ್ದೂ ಈ ಯುರೋಪಿನ ಏಣಿಯನ್ನೇ. ಅಮೆರಿಕದ ವಿಡಿಯೋ ನೋಡಿ ಟೆಲಿಕಾಂ ಕಲಿಯೋರು 1.544 ಅಂತ ಬಾಯಿಪಾಠ ಮಾಡಿರ್ತಾರೆ. ನಮ್ಮ ಎಕ್ಸ್‌ಚೇಂಜ್‌ನಲ್ಲಿ ಇದ್ದಿದ್ದು 2.048.

ಮತ್ತೆ ಬಸ್ ಹತ್ತಿ. ಇ-ಒನ್ ಅಂದ್ರೆ 32 ಸೀಟಿನ ಒಂದು ಬಸ್, ಸೀಟ್ ನಂಬರ್ 0ರಿಂದ 31. ಪ್ರತಿ ಸೀಟಲ್ಲಿ 8 ಬಿಟ್. ಸೆಕೆಂಡಿಗೆ ಇಂಥ 8,000 ಬಸ್ ಹೊರಡ್ತವೆ, ಒಂದೊಂದರ ನಡುವೆ 125 ಮೈಕ್ರೋಸೆಕೆಂಡ್. ನೀವು ಮಾತಾಡ್ತಾ ಇದ್ರೆ ನಿಮ್ಮ ದನಿಗೆ ಪ್ರತಿ ಬಸ್ಸಿನಲ್ಲೂ ಅದೇ ಸೀಟು. ನೀವು ಸುಮ್ಮನಿದ್ರೂ ಸೀಟು ಖಾಲಿ ಹೋಗುತ್ತೆ, ಬೇರೆಯವರು ಕೂರಂಗಿಲ್ಲ.

32 × 8 × 8,000 = 20,48,000. ಅಂದ್ರೆ 2.048 ಎಂಬಿಪಿಎಸ್.

ಆದ್ರೆ ಪ್ರಯಾಣಿಕರು ಎಷ್ಟು? ಮೂವತ್ತೇ. ಸೀಟ್ 0 ಡ್ರೈವರಿಗೆ, ಯಾವ ಬಸ್ ಎಲ್ಲಿಂದ ಶುರು ಅನ್ನೋ ತಾಳ ಹಿಡಿಯೋದು ಅವನ ಕೆಲಸ. ಸೀಟ್ 16 ಕಂಡಕ್ಟರಿಗೆ, ಯಾರು ಹತ್ತಿದ್ರು, ಯಾರು ಇಳಿದ್ರು ಅನ್ನೋ ಲೆಕ್ಕ ಅವನದು. ಈ ಕಂಡಕ್ಟರ್ ಕೆಲಸಕ್ಕೇ ಟೆಲಿಕಾಂ ಭಾಷೇಲಿ ‘ಸಿಗ್ನಲಿಂಗ್’ ಅಂತಾರೆ. ಕಾಲ್‌ಗೆ ಸಿಗೋದು 30 × 64 = 1,920 ಕೆಬಿಪಿಎಸ್. ಗ್ರಾಸ್ 2,048, ನೆಟ್ 1,920. ಸಂಬಳದ ಸ್ಲಿಪ್ ನೋಡಿದೋರಿಗೆ ಈ ವ್ಯತ್ಯಾಸ ಬಿಡಿಸಿ ಹೇಳ್ಬೇಕಾಗಿಲ್ಲ.

ಭಾಗ 5/10 | 08175 ಡಯಲ್ ಮಾಡಿದಾಗ

ಕಂಡಕ್ಟರ್ ಸೀಟಿನ ಲೆಕ್ಕ ತಾಳೆ ನೋಡೋಣ. ಬಿಕಾಂನೋರಿಗೆ ಇದು ಟ್ರಯಲ್ ಬ್ಯಾಲೆನ್ಸ್ ಥರ.

ಹಳೇ ಪದ್ಧತಿಯಲ್ಲಿ 16 ಬಸ್ ಸೇರಿಸಿ ಒಂದು ಟ್ರಿಪ್ ಅಂತ ಎಣಿಸ್ತಿದ್ರು. ಟ್ರಿಪ್ ಮುಗಿಯೋಕೆ 2 ಮಿಲಿಸೆಕೆಂಡ್. ಮೊದಲನೇ ಬಸ್ಸಿನ ಸೀಟ್ 16ರಲ್ಲಿ ಟ್ರಿಪ್ ಶುರು ಅನ್ನೋ ಗುರುತು. ಉಳಿದ 15 ಬಸ್‌ಗಳಲ್ಲಿ ಆ ಸೀಟನ್ನ ಇಬ್ಬರಿಗೆ ಹಂಚಿ ತಲಾ 4 ಬಿಟ್. 15 × 2 = 30 ಕಾಲ್. ಒಂದೊಂದು ಕಾಲ್‌ಗೆ 2 ಮಿಲಿಸೆಕೆಂಡಿಗೆ 4 ಬಿಟ್, ಅಂದ್ರೆ ಸೆಕೆಂಡಿಗೆ 2,000. ಮೂವತ್ತಕ್ಕೂ ಸೇರಿ 60 ಕೆಬಿಪಿಎಸ್. ಗುರುತಿನ ಸೀಟಿಗೆ 2 ಮಿಲಿಸೆಕೆಂಡಿಗೆ 8 ಬಿಟ್, ಅಂದ್ರೆ 4 ಕೆಬಿಪಿಎಸ್. 60 + 4 = 64. ಹದಿನಾರಾಣೆ ಸರಿ.

ಅದಕ್ಕೂ ಹಿಂದಿನ ಸಿಗ್ನಲಿಂಗ್ ಇನ್ನೂ ಚಂದ. ಬೆರಳು ಹಾಕಿ ತಿರುಗಿಸೋ ಫೋನ್ ಇತ್ತಲ್ಲ, ಅದು ಪ್ರತಿ ಅಂಕಿಗೂ ಅಷ್ಟೇ ಸಲ ‘ಟಕ್ ಟಕ್’ ಅಂತ ಲೈನ್ ಕಟ್ ಮಾಡಿ ಕೂಡಿಸ್ತಿತ್ತು. 5ಕ್ಕೆ ಐದು ಪಲ್ಸ್, 0ಗೆ ಹತ್ತು. ವೇಗ ಸೆಕೆಂಡಿಗೆ 10 ಪಲ್ಸ್.

ನಮ್ಮ ಊರುಗಳ ಎಸ್‌ಟಿಡಿ ಕೋಡ್ ತಗೊಳ್ಳಿ. ಹಾಸನ 08172: 10 + 8 + 1 + 7 + 2 = 28 ಪಲ್ಸ್. ಹೊಳೆನರಸೀಪುರ, ಅರಕಲಗೂಡು ಎರಡಕ್ಕೂ 08175: 31 ಪಲ್ಸ್. ಚನ್ನರಾಯಪಟ್ಟಣ 08176: 32 ಪಲ್ಸ್. ಅಂಕಿಗಳ ನಡುವಿನ ಬಿಡುವು ಬಿಟ್ಟು, ಬರೀ ಪಲ್ಸ್‌ಗೇ ಚನ್ನರಾಯಪಟ್ಟಣಕ್ಕೆ 3.2 ಸೆಕೆಂಡ್. ಹಾಸನಕ್ಕಿಂತ 0.4 ಸೆಕೆಂಡ್ ಜಾಸ್ತಿ.

ಒಂದು ಅಂಕಿಯ ಪಲ್ಸ್‌ಗಳಿಗೇ ಸರಾಸರಿ ಸುಮಾರು ಅರ್ಧ ಸೆಕೆಂಡ್ ಹಿಡೀತಿತ್ತು. ಆ ಅರ್ಧ ಸೆಕೆಂಡಲ್ಲಿ ಒಂದು 64 ಕೆಬಿಪಿಎಸ್ ಸೀಟು 32,000 ಬಿಟ್ ಸಾಗಿಸುತ್ತೆ. ಬೆರಳ ಕಾಲದಿಂದ ಬಿಟ್ ಕಾಲಕ್ಕೆ ಇರೋ ದೂರ ಇಷ್ಟು.

ಭಾಗ 6/10 | ಕಿತ್ತೂರಿನ ಪೆಟ್ಟಿಗೆ

ಈ ಲೆಕ್ಕ ಕರ್ನಾಟಕದ ಹಳ್ಳಿಗೆ ಬಂದಿದ್ದು ಹೇಗೆ?

ಮೊದಲು ಟ್ರಂಕ್ ಕಾಲ್ ಕಾಲ. ಪರ ಊರಿಗೆ ಮಾತಾಡ್ಬೇಕು ಅಂದ್ರೆ ಆಪರೇಟರ್ ಹತ್ರ ಬುಕ್ ಮಾಡಿ ಕಾಯಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ದರ್ಜೆ, ದರ್ಜೆಗೆ ತಕ್ಕ ದರ. ಆಪರೇಟರ್ ಇಲ್ಲದೆ ನೇರ ಡಯಲ್ ಮಾಡೋ ಎಸ್‌ಟಿಡಿ ದೇಶದಲ್ಲಿ ಮೊದಲು ಶುರುವಾಗಿದ್ದು 1960ರ ನವೆಂಬರ್‌ನಲ್ಲಿ, ಲಖನೌ ಕಾನ್ಪುರದ ನಡುವೆ. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ ಹುಟ್ಟಿದ್ದೂ ಫೋನಿಗಾಗಿಯೇ, ಅದೂ ಬೆಂಗಳೂರಲ್ಲಿ: 1948ರಲ್ಲಿ ಐಟಿಐ. ಅದರಿಂದಲೇ ಅಲ್ಲಿ ಒಂದು ಬಡಾವಣೆಗೆ ದೂರವಾಣಿನಗರ ಅಂತ ಹೆಸರು.

1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಅನ್ನೋ ಸಂಸ್ಥೆ ಕಟ್ಟಿತು. ಸ್ಯಾಮ್ ಪಿತ್ರೋಡಾ ಹೆಸರು ಕೇಳಿರ್ತೀರಿ. ಅವರ ಮುಂದಿದ್ದ ಪ್ರಶ್ನೆ ನೇರ: ವಿದೇಶಿ ಡಿಜಿಟಲ್ ಎಕ್ಸ್‌ಚೇಂಜ್‌ಗಳಿಗೆ ಏಸಿ ರೂಮ್ ಬೇಕು. ನಮ್ಮ ಹಳ್ಳಿಯಲ್ಲಿ ಕರೆಂಟೇ ಬಂದು ಹೋಗಿ ಮಾಡುತ್ತೆ, ಧೂಳು, ಸೆಕೆ ಬೇರೆ. ಅಲ್ಲಿಗೆ ಏನು ಕೊಡೋದು? ಅವರ ಉತ್ತರ 128 ಪೋರ್ಟ್‌ಗಳ ಗ್ರಾಮೀಣ ಎಕ್ಸ್‌ಚೇಂಜ್, ‘ರ್‍ಯಾಕ್ಸ್’. ಏಸಿ ಬೇಡ, ಸಾಧಾರಣ ಕೋಣೆ ಸಾಕು. ಅದರ ಮೊದಲ ಪೆಟ್ಟಿಗೆ 1986ರಲ್ಲಿ ಕೆಲಸ ಶುರು ಮಾಡಿದ್ದು ನಮ್ಮ ರಾಜ್ಯದ ಕಿತ್ತೂರಲ್ಲಿ. ಹೌದು, ರಾಣಿ ಚೆನ್ನಮ್ಮನ ಕಿತ್ತೂರು.

128 ಅಂದ್ರೆ 32 × 4. ಪೆಟ್ಟಿಗೆಯ ಒಳಗೆ ದನಿ ಓಡಾಡ್ತಿದ್ದಿದ್ದು ಅದೇ 64 ಕೆಬಿಪಿಎಸ್ ಸೀಟುಗಳಲ್ಲಿ. ಇಂಟರ್ನೆಟ್ ಅನ್ನೋ ಪದ ನಮ್ಮ ಹಳ್ಳಿಗಳಿಗೆ ತಿಳಿಯೋಕೆ ಎಷ್ಟೋ ಮುಂಚೆ ಬಿಟ್ ಲೆಕ್ಕ ಬಂದು ಕೂತಿತ್ತು, ಯಾರಿಗೂ ಹೇಳದೆ.

ಆಮೇಲೆ ಬಂದಿದ್ದು ಹಳದಿ ಬೋರ್ಡಿನ ಎಸ್‌ಟಿಡಿ ಬೂತ್. ಅಲ್ಲಿ ಜನ ನೋಡ್ತಿದ್ದಿದ್ದು ಮೀಟರಿನ ಕೆಂಪು ಅಂಕಿ ಮಾತ್ರ. ದೂರ ಹೆಚ್ಚಾದಷ್ಟೂ ಪಲ್ಸ್ ಬೇಗ ಬೇಗ ಬೀಳುತ್ತೆ, ಪಲ್ಸ್ ಬಿದ್ದಷ್ಟೂ ದುಡ್ಡು. ಎಲ್ಲರ ಕಣ್ಣೆದುರು ಯೂನಿಟ್ಟು ರೂಪಾಯಿ ಆಗ್ತಿದ್ದ ಜಾಗ ಅದು.

ಭಾಗ 7/10 | ಸಾಲಗಾಮೆ ರಸ್ತೆಯಿಂದ ಆಕಾಶಕ್ಕೆ

ಹಾಸನದಲ್ಲಿ ಓದೋರು ಸಾಲಗಾಮೆ ರಸ್ತೆಯ ಎಂಸಿಎಫ್ ಹೆಸರು ಕೇಳೇ ಇರ್ತೀರಿ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. 1982ರಲ್ಲಿ ಶುರುವಾಯ್ತು, ಇನ್ಸಾಟ್ ಉಪಗ್ರಹಗಳನ್ನ ಆಕಾಶದಲ್ಲಿ ಹದ್ದುಬಸ್ತಿನಲ್ಲಿ ಇಡೋಕೆ. ಆ ವರ್ಷ ಏಪ್ರಿಲ್‌ನಲ್ಲಿ ಹೋದ ಇನ್ಸಾಟ್-1ಎ ಸೆಪ್ಟೆಂಬರ್ ಹೊತ್ತಿಗೆ ಕೈಬಿಟ್ಟು ಹೋಯ್ತು. ಮಾರನೇ ವರ್ಷ ಆಗಸ್ಟ್ 30ಕ್ಕೆ ಚಾಲೆಂಜರ್ ಶಟಲ್‌ನಲ್ಲಿ ಇನ್ಸಾಟ್-1ಬಿ ಹೋಯ್ತು. ಅದರ ಸೌರಫಲಕ ಮೊದಲು ಬಿಚ್ಚಿಕೊಳ್ಳಲೇ ಇಲ್ಲ. ದಿನಗಟ್ಟಲೆ ಪ್ರಯತ್ನ ಮಾಡಿ ಸೆಪ್ಟೆಂಬರ್‌ನಲ್ಲಿ ಬಿಚ್ಚಿಸಿದ್ರು. ದೇಶದ ಟಿವಿ, ಫೋನು ಆ ಉಪಗ್ರಹದ ಮೇಲೆ ನಿಂತವು.

ಇಲ್ಲಿ ಪರಿವರ್ತನೆಯ ಎರಡು ಪಾಠ ಇದೆ.

ಒಂದು: ಉಪಗ್ರಹದ ಸಾಮರ್ಥ್ಯವನ್ನ ಮೆಗಾಹರ್ಟ್ಸ್‌ನಲ್ಲಿ ಹೇಳ್ತಾರೆ. ಅದು ರಸ್ತೆಯ ಅಗಲ. ಎಂಬಿಪಿಎಸ್ ಅನ್ನೋದು ರಸ್ತೆಯಲ್ಲಿ ಹೋದ ಜನದ ಲೆಕ್ಕ. ಅಗಲದಿಂದ ಜನದ ಲೆಕ್ಕ ತೆಗೀಬೇಕು ಅಂದ್ರೆ ಯಾವ ಗಾಡಿ, ಗಾಡಿಗೆ ಎಷ್ಟು ಜನ ಅಂತ ಗೊತ್ತಿರಬೇಕು. ಬಾಡ್ ಕಥೆಯೇ ಮತ್ತೆ.

ಎರಡು: ಎಂಬಿಪಿಎಸ್ ಎಷ್ಟೇ ಇರಲಿ, ತಡ ಬೇರೆ ವಿಷಯ. ಇಂಥ ಉಪಗ್ರಹ ಇರೋದು 35,786 ಕಿ.ಮೀ. ಎತ್ತರದಲ್ಲಿ. ಹೋಗಿ ಇಳಿಯೋಕೆ ಬೆಳಕಿಗೇ ಸುಮಾರು 0.24 ಸೆಕೆಂಡ್ ಬೇಕು, ಉತ್ತರ ಬರೋಕೆ ಇನ್ನಷ್ಟೇ. ಆನ್‌ಲೈನ್ ಗೇಮ್ ಆಡೋರು ಪಿಂಗ್ ಅಂತ ಬೈಕೊಳ್ಳೋದು ಇದನ್ನೇ.

ಈಗ ಒಂದು ಲೆಕ್ಕ. 2018ರ ಡಿಸೆಂಬರ್ 5ಕ್ಕೆ 5,854 ಕೆ.ಜಿ. ತೂಕದ ಜಿಸ್ಯಾಟ್-11 ಹಾರಿತು. ರಾಕೆಟ್ಟಿಂದ ಬೇರೆಯಾದ ಮೇಲೆ ಅದರ ಲಗಾಮು ಹಿಡಿದಿದ್ದು ಹಾಸನದ ಎಂಸಿಎಫ್. ಒಟ್ಟು ಸಾಮರ್ಥ್ಯ 16 ಜಿಬಿಪಿಎಸ್. ಗ್ರಾಮ ಪಂಚಾಯಿತಿಗಳಿಗೂ ಇದರಿಂದ ಬ್ರಾಡ್‌ಬ್ಯಾಂಡ್ ಅಂತ ಇಸ್ರೋ ಹೇಳಿತ್ತು. ದೇಶದಲ್ಲಿ ಗ್ರಾಮ ಪಂಚಾಯಿತಿ ಸುಮಾರು 2.5 ಲಕ್ಷ. ಎಲ್ಲಕ್ಕೂ ಇದೊಂದೇ ಉಪಗ್ರಹ ಅಂತ ಯಾರೂ ಹೇಳಿಲ್ಲ, ಆದ್ರೂ ಸುಮ್ನೆ ಭಾಗಿಸಿ ನೋಡಿ: 1,60,00,000 ಕೆಬಿಪಿಎಸ್ ÷ 2,50,000 = 64.

ದೊಡ್ಡ ಅಂಕಿ ಕೇಳಿದಾಗ ಅದನ್ನ ಜನದಿಂದ ಭಾಗಿಸಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ.

ಭಾಗ 8/10 | ಕನ್ನಡಕ್ಕೆ 70 ಅಕ್ಷರ

ಕಂಡಕ್ಟರ್ ಸೀಟು ನಮ್ಮ ಭಾಷೆಗೆ ಏನು ಮಾಡ್ತು ಗೊತ್ತಾ?

ಸಿಗ್ನಲಿಂಗ್ ಪದ್ಧತಿ ಮುಂದುವರಿದು ‘ಎಸ್‌ಎಸ್ 7’ ಆಯ್ತು. ಇದರಲ್ಲಿ ಮಾಹಿತಿ ಹೋಗೋದು ಸಣ್ಣ ಸಣ್ಣ ಪೊಟ್ಟಣಗಳಲ್ಲಿ. ಅವಕ್ಕೇ ‘ಸಿಗ್ನಲ್ ಯೂನಿಟ್’ ಅಂತ ಹೆಸರು. ಕಾಲ್ ಇಲ್ಲದಾಗ ಈ ದಾರಿ ಬಹಳ ಹೊತ್ತು ಖಾಲಿ. ಆ ಖಾಲಿ ಜಾಗದಲ್ಲಿ ಪುಟ್ಟ ಸಂದೇಶ ಕಳಿಸಿದ್ರೆ ಹೇಗೆ ಅನ್ನೋ ಯೋಚನೆಯೇ ಎಸ್‌ಎಂಎಸ್. ಮೊದಲ ಎಸ್‌ಎಂಎಸ್ ಹೋಗಿದ್ದು 1992ರ ಡಿಸೆಂಬರ್ 3ಕ್ಕೆ, ಇಂಗ್ಲೆಂಡಿನಲ್ಲಿ.

ಪೊಟ್ಟಣದಲ್ಲಿ ಸಂದೇಶಕ್ಕೆ ಉಳಿದ ಜಾಗ 140 ಬೈಟ್. 140 × 8 = 1,120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 1,120 ÷ 7 = 160 ಅಕ್ಷರ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಯೂನಿಕೋಡ್ ದಾರಿ ಹಿಡಿದ್ರೆ ಅಕ್ಷರಕ್ಕೆ 16 ಬಿಟ್. 1,120 ÷ 16 = 70. ಅದರಲ್ಲೂ ಒತ್ತು, ಗುಣಿತ, ದೀರ್ಘ ಎಲ್ಲಾ ಬೇರೆ ಬೇರೆ ಎಣಿಕೆ.

ನಮ್ಮ ಊರುಗಳನ್ನೇ ಎಣಿಸಿ. ‘ಹಾಸನ’: ಹ, ಕಾ ಗುಣಿತದ ಗೆರೆ, ಸ, ನ, ಒಟ್ಟು 4. 4 × 16 = 64 ಬಿಟ್. 64 ಕೆಬಿಪಿಎಸ್ ದಾರಿಯಲ್ಲಿ ಸರಿಯಾಗಿ 1 ಮಿಲಿಸೆಕೆಂಡ್! ‘ಅರಕಲಗೂಡು’ 8 ಎಣಿಕೆ, 128 ಬಿಟ್, 2 ಮಿಲಿಸೆಕೆಂಡ್. ‘ಹೊಳೆನರಸೀಪುರ’ 11 ಎಣಿಕೆ, 176 ಬಿಟ್, 2.75. ‘ಚನ್ನರಾಯಪಟ್ಟಣ’ 12 ಎಣಿಕೆ, 192 ಬಿಟ್, 3 ಮಿಲಿಸೆಕೆಂಡ್. ಇಂಗ್ಲಿಷ್ ಅಕ್ಷರದಲ್ಲಿ ಹಾಸನ ಅಂತ ಬರೆದ್ರೆ 6 ಅಕ್ಷರ, 42 ಬಿಟ್.

ಒಂದು ಎಸ್‌ಎಂಎಸ್ ರೇಟಿಗೆ ಇಂಗ್ಲಿಷಿಗೆ 160, ಕನ್ನಡಕ್ಕೆ 70. ಕನ್ನಡದ ವಿರುದ್ಧ ಯಾರೂ ಸಂಚು ಮಾಡಿರಲಿಲ್ಲ. ಅಳತೆ ಮಾಡೋವಾಗ ನಾವು ಕೋಣೆಯಲ್ಲಿ ಇರಲಿಲ್ಲ, ಅಷ್ಟೇ. ಫೋನಲ್ಲಿ ಫಾಂಟ್ ಇರಲಿಲ್ಲ ಅನ್ನೋದು ಒಂದು ಕಾರಣ, ಈ ಲೆಕ್ಕ ಇನ್ನೊಂದು. ಎರಡೂ ಸೇರಿ ಒಂದು ತಲೆಮಾರು ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋದನ್ನ ರೂಢಿ ಮಾಡ್ಕೊಂತು. ಆ ರೂಢಿ ನಮ್ಮ ಕ್ಲಾಸ್ ಗ್ರೂಪಲ್ಲಿ ಇನ್ನೂ ಇದೆ.

ಭಾಗ 9/10 | ಸೇವ್ ಮಾಡ್ಕೊಳ್ಳಿ: ಏಣಿ ಮತ್ತು ಎರಡು ಗುಂಡಿ

ಭಾರತದಲ್ಲಿ ಬಳಸೋ ಏಣಿ ಇದು.

1 ಸೀಟು = 64 ಕೆಬಿಪಿಎಸ್
ಇ-ಒನ್ = 32 ಸೀಟು = 2.048 ಎಂಬಿಪಿಎಸ್ = 30 ಕಾಲ್
ಇ-ಟೂ = 4 ಇ-ಒನ್ = 8.448 ಎಂಬಿಪಿಎಸ್
ಇ-ತ್ರೀ = 16 ಇ-ಒನ್ = 34.368 ಎಂಬಿಪಿಎಸ್
ಎಸ್‌ಟಿಎಂ-1 = 63 ಇ-ಒನ್ = 155.52 ಎಂಬಿಪಿಎಸ್ = 1,890 ಕಾಲ್
ಎಸ್‌ಟಿಎಂ-4 = 622.08, ಎಸ್‌ಟಿಎಂ-16 = 2,488.32 ಎಂಬಿಪಿಎಸ್

ಗಮನಿಸಿದ್ರಾ? 4 × 2.048 ಅಂದ್ರೆ 8.192, ಆದ್ರೆ ಇ-ಟೂ 8.448. ನಾಲ್ಕು ಬಸ್‌ಗಳ ಗಡಿಯಾರ ಕೂದಲೆಳೆಯಷ್ಟು ಹಿಂದೆ ಮುಂದೆ ಇರುತ್ತೆ. ಒಟ್ಟಿಗೆ ಜೋಡಿಸೋಕೆ ಮಧ್ಯೆ ತುಂಬುವ ಬಿಟ್, ಗುರುತಿನ ಬಿಟ್ ಬೇಕು. ಹೆಚ್ಚುವರಿ 256 ಕೆಬಿಪಿಎಸ್ ಆ ಖರ್ಚು. ಎಸ್‌ಟಿಎಂ-1 ಕೂಡ 64ರ ಲೆಕ್ಕಕ್ಕೆ ಪಕ್ಕಾ: 2,430 × 64 = 1,55,520.

ಮೊದಲ ಗುಂಡಿ, ಬಿಟ್ ಮತ್ತು ಬೈಟ್. ಕಂಪನಿ ಮಾರೋದು ಬಿಟ್‌ನಲ್ಲಿ, ನಿಮ್ಮ ಫೋನ್ ಫೈಲ್ ತೋರ್ಸೋದು ಬೈಟ್‌ನಲ್ಲಿ. 40 ಎಂಬಿಪಿಎಸ್ ಪ್ಲಾನ್ ಅಂದ್ರೆ ಸೆಕೆಂಡಿಗೆ ಹೆಚ್ಚೆಂದ್ರೆ 5 ಎಂಬಿ. ಡೌನ್‌ಲೋಡ್ 5 ತೋರಿಸಿದ್ರೆ ಮೋಸ ಆಗಿಲ್ಲ. 1 ತೋರಿಸ್ತಾ ಇದ್ರೆ ಕೇಳೋ ಹಕ್ಕಿದೆ. ಕೇಳೋ ಮುಂಚೆ 8ರಿಂದ ಭಾಗಿಸಿರಬೇಕು.

ಎರಡನೇ ಗುಂಡಿ, 1,000 ಮತ್ತು 1,024. ಕಂಪ್ಯೂಟರ್ ಮೆಮೊರಿಯಲ್ಲಿ ‘ಕಿಲೋ’ ಅಂದ್ರೆ 1,024 ಅಂತ ಬಳಕೆ ಇದೆ. ಟೆಲಿಕಾಂನಲ್ಲಿ ಯಾವಾಗಲೂ 1,000. 2.048 ನೋಡಿ ‘ಓ, ಎರಡು ಸಲ 1,024’ ಅನ್ನಿಸುತ್ತೆ. ಅದು 32 × 64ರಿಂದ ಬಂದಿದ್ದು. 20,48,000 ಬಿಟ್ ಬೇರೆ, 2 × 1,024 × 1,024 = 20,97,152 ಬೇರೆ. ವ್ಯತ್ಯಾಸ 49,152. ಪರೀಕ್ಷೆಯಲ್ಲಿ ಇದಕ್ಕೇ ಮಾರ್ಕ್ಸ್ ಹೋಗುತ್ತೆ.

ಭಾಗ 10/10 | ಯಾರನ್ನ ‘ಕನೆಕ್ಟೆಡ್’ ಅಂತ ಎಣಿಸ್ತಾರೆ?

ಇಷ್ಟೆಲ್ಲಾ ಲೆಕ್ಕ ಯಾಕೆ ಅಂದ್ರೆ, ಇದಕ್ಕೆ.

2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಕನಿಷ್ಠ 256 ಕೆಬಿಪಿಎಸ್ ಇದ್ರೆ ಅದು ಬ್ರಾಡ್‌ಬ್ಯಾಂಡ್. ಅಂದ್ರೆ 4 × 64. 2013ರಲ್ಲಿ 512 ಆಯ್ತು, 8 × 64. 2023ರ ಜನವರಿಯಲ್ಲಿ 2 ಎಂಬಿಪಿಎಸ್ ಮಾಡಿದ್ರು. ಅದು 31 ಸೀಟಿನ ಮೇಲೆ ಚೂರು, ಹೆಚ್ಚುಕಮ್ಮಿ ಒಂದು ಇ-ಒನ್. ಒಂದು ಕಾಲಕ್ಕೆ 30 ಜನ ಒಟ್ಟಿಗೆ ಮಾತಾಡ್ತಿದ್ದ ದಾರಿ ಇವತ್ತು ಒಂದು ಮನೆಗೆ ಕನಿಷ್ಠ. ದೊಡ್ಡ ಪ್ರಗತಿಯೇ.

ಆದ್ರೆ 2004ರಿಂದ 2013ರವರೆಗೆ 256 ಸಿಕ್ಕವರೆಲ್ಲ ಸರ್ಕಾರದ ಪಟ್ಟಿಯಲ್ಲಿ ಬ್ರಾಡ್‌ಬ್ಯಾಂಡ್ ಇರೋರು. ಗೆರೆ ಎಲ್ಲಿ ಎಳೀತಾರೋ ಅದರ ಮೇಲೆ ಯಾರಿಗೆ ಸಿಕ್ತು, ಯಾರಿಗೆ ಸಿಗಬೇಕು ಅನ್ನೋದು ತೀರ್ಮಾನ ಆಗುತ್ತೆ. 2020ರಲ್ಲಿ ನಾವು ಹೈಸ್ಕೂಲಲ್ಲಿ ಇದ್ದಾಗ ಮಲೆನಾಡಿನ ಕಡೆ ಮಕ್ಕಳು ಗುಡ್ಡ ಹತ್ತಿ ಆನ್‌ಲೈನ್ ಪಾಠ ಕೇಳಿದ್ರು. ಎಷ್ಟೋ ಕಡೆ ಕಾಲ್ ಹೋಗ್ತಿತ್ತು, ವಿಡಿಯೋ ಬರ್ತಿರಲಿಲ್ಲ. ಕಾರಣದ ಒಂದು ಭಾಗ ಇದೇ ಏಣಿಯಲ್ಲಿದೆ. ಮೊದಲ ತಲೆಮಾರಿನ ಮೊಬೈಲ್ ಟವರ್‌ಗಳಿಗೆ ಹಿಂದಿನಿಂದ ಕೊಟ್ಟಿದ್ದು ಇ-ಒನ್ ಲೈನ್. 2ಜಿ ದನಿಯನ್ನ 13 ಕೆಬಿಪಿಎಸ್‌ಗೆ ಹಿಂಡಿ, ಒಂದು 64ರ ಸೀಟಲ್ಲಿ ನಾಲ್ಕು ಜನರನ್ನ ಕೂರಿಸ್ತಿದ್ರು. ಮಾತಿಗೆ ಧಾರಾಳ. ವಿಡಿಯೋಗೆ ಆ ಇಡೀ ಬಸ್ಸೂ ಸಾಲದು. ಟವರ್ ಮುಂದೆ ಎಷ್ಟು ಕಡ್ಡಿ ತೋರಿಸಿದ್ರೂ ಹಿಂದಿನ ದಾರಿ ಕಿರಿದಾಗಿದ್ರೆ ಏನೂ ಬರಲ್ಲ.

2011ರಲ್ಲಿ ಒಪ್ಪಿಗೆ ಸಿಕ್ಕ ಯೋಜನೆ, ಈಗಿನ ಭಾರತ್‌ನೆಟ್, ಗ್ರಾಮ ಪಂಚಾಯಿತಿಗೆ 100 ಎಂಬಿಪಿಎಸ್ ಅಂತ ಗುರಿ ಇಟ್ಟಿತ್ತು. ಸುಮಾರು 49 ಇ-ಒನ್. 50 ಮನೆ ಒಟ್ಟಿಗೆ ಬಳಸಿದ್ರೆ ತಲಾ 2, ಬ್ರಾಡ್‌ಬ್ಯಾಂಡ್. 100 ಮನೆ ಬಳಸಿದ್ರೆ ತಲಾ 1, ಅದೇ ಸರ್ಕಾರದ ಗೆರೆಯ ಕೆಳಗೆ. ಬೋರ್ಡಿನ ಮೇಲೆ ಎರಡೂ ದಿನ 100 ಎಂತಲೇ ಇರುತ್ತೆ.

ಹಾಗಾಗಿ ಮುಂದಿನ ಸಲ ಯಾರಾದ್ರೂ ದೊಡ್ಡ ಅಂಕಿ ಹೇಳಿದ್ರೆ, ಪ್ಲಾನ್ ಮಾರೋರಾಗಲಿ ವೇದಿಕೆ ಮೇಲೆ ಭಾಷಣ ಮಾಡೋರಾಗಲಿ, ಮೂರು ಪ್ರಶ್ನೆ ಕೇಳಿ. ಬಿಟ್ಟೋ ಬೈಟೋ? ಗ್ರಾಸೋ ನೆಟ್ಟೋ? ಎಷ್ಟು ಜನಕ್ಕೆ?

ಉತ್ತರ ಬಂದ ಮೇಲೆ 64ರಿಂದ ಭಾಗಿಸಿ ನೋಡಿ. ನಿಮಗೆ ಎಷ್ಟು ಸೀಟು ಸಿಕ್ಕಿದೆ ಅಂತ ಗೊತ್ತಾಗುತ್ತೆ.

#ಹಾಸನ #ಹೊಳೆನರಸೀಪುರ #ಅರಕಲಗೂಡು #ಚನ್ನರಾಯಪಟ್ಟಣ #ಕನ್ನಡದಲ್ಲಿಇತಿಹಾಸ